ಪ್ರಶ್ನೆ ಕೇಳುವ ವಿದ್ಯೆ

ಕನ್ನಡದಲ್ಲಿ ಒಂದಕ್ಕೊಂದು ಎದುರು ನಿಂತ ಎರಡು ಗಾದೆಗಳಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎನ್ನುತ್ತದೆ ಒಂದು. ‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಎನ್ನುತ್ತದೆ ಇನ್ನೊಂದು. ನಮ್ಮ ಮನೆಯ ಹುಡುಗ ದಾರಿ ತಪ್ಪಿದರೆ ಎರಡನೆಯದು, ಆಗದವರ ಮನೆಯ ಹುಡುಗ ತಪ್ಪಿದರೆ ಮೊದಲನೆಯದು ಬಾಯಿಗೆ ಬರುತ್ತದೆ. ಎರಡೂ ಬದುಕನ್ನು ನೋಡಿಯೇ ಹುಟ್ಟಿದ ಮಾತುಗಳು. ಆದರೆ ಯಾವುದು ಎಲ್ಲಿ ನಿಜ, ಎಷ್ಟರಮಟ್ಟಿಗೆ ನಿಜ, ಅದನ್ನು ತಿಳಿಯುವ ಬಗೆ ಯಾವುದು ಎಂದು ಗಾದೆ ಹೇಳುವುದಿಲ್ಲ. ಅಲ್ಲಿಂದ ಮುಂದಿನ ಕೆಲಸ ಸಾಮಾಜಿಕ ಮನೋವಿಜ್ಞಾನದ್ದು. ಮನುಷ್ಯ ಒಬ್ಬನೇ ಇದ್ದಾಗ ಒಂದು ಥರ, ನಾಲ್ಕು ಜನರ ನಡುವೆ ಇನ್ನೊಂದು ಥರ ಇರುತ್ತಾನಲ್ಲ, ಆ ವ್ಯತ್ಯಾಸವನ್ನು ಅಳೆದು, ಹೋಲಿಸಿ, ಪರೀಕ್ಷಿಸಿ ತಿಳಿಯಲು ಹೊರಟ ಶಾಸ್ತ್ರ ಇದು. ದಾವಣಗೆರೆ ಜಿಲ್ಲೆಯ ಜಗಳೂರಿನಂಥ ತಾಲ್ಲೂಕಿನಿಂದ ಪದವಿಗೆ ಹೋಗುವ ವಿದ್ಯಾರ್ಥಿಗೆ ಈ ಶಾಸ್ತ್ರದ ಸಿದ್ಧಾಂತಗಳಿಗಿಂತ ಅದರ ಸಂಶೋಧನಾ ವಿಧಾನ, ಎಂದರೆ ಪ್ರಶ್ನೆ ಕೇಳುವ ಕ್ರಮ, ಹೆಚ್ಚು ಬೇಕು ಎಂಬುದು ನನ್ನ ವಾದ. ಸಿದ್ಧಾಂತಗಳು ಬೇರೆಲ್ಲೋ ತಯಾರಾಗಿ ಬಂದಿವೆ. ವಿಧಾನ ಮಾತ್ರ ಯಾವ ಊರಿಗೆ ಒಯ್ದರೂ ಆ ಊರಿನದಾಗಬಲ್ಲದು.

ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಮೈಸೂರಿನಲ್ಲೇ ಸಿಗುತ್ತದೆ. ಬೇರೆಯವರ ನಡತೆಗೆ ಕಾರಣ ಹುಡುಕುವಾಗ ಮನುಷ್ಯರು ಸಂದರ್ಭವನ್ನು ಮರೆತು ಸ್ವಭಾವವನ್ನೇ ದೂರುತ್ತಾರೆ, ಹುಟ್ಟುಗುಣದ ಗಾದೆಯನ್ನೇ ನಂಬುತ್ತಾರೆ ಎಂಬುದು ಅಮೆರಿಕದ ಪ್ರಯೋಗಗಳ ತೀರ್ಮಾನವಾಗಿತ್ತು. 1977ರಲ್ಲಿ ಲೀ ರಾಸ್ ಇದನ್ನು ‘ಮೂಲಭೂತ ದೋಷ’ ಎಂದೇ ಕರೆದರು. ಮೂಲಭೂತ ಎಂದ ಮೇಲೆ ಎಲ್ಲರಲ್ಲೂ ಇರಬೇಕಲ್ಲ? ಜೋನ್ ಮಿಲ್ಲರ್ ಎಂಬ ಸಂಶೋಧಕಿ ಶಿಕಾಗೋ ಮತ್ತು ಮೈಸೂರಿನ ಮಕ್ಕಳನ್ನೂ ದೊಡ್ಡವರನ್ನೂ ಒಂದೇ ಬಗೆಯಲ್ಲಿ ವಿಚಾರಿಸಿದರು. ಪರಿಚಯದವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ತಪ್ಪು ಕೆಲಸ ಹೇಳಿ, ಅವರು ಹಾಗೇಕೆ ಮಾಡಿದರು ಎಂದು ವಿವರಿಸಿ ಎಂಬುದು ಪ್ರಶ್ನೆ. ಫಲಿತಾಂಶ ಪ್ರಕಟವಾದದ್ದು 1984ರಲ್ಲಿ. ಎಂಟು ವರ್ಷದ ಮಕ್ಕಳ ಉತ್ತರಗಳು ಎರಡೂ ಊರುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದವು. ವಯಸ್ಸು ಏರಿದಂತೆ ದಾರಿ ಕವಲೊಡೆಯಿತು. ಶಿಕಾಗೋದ ವಯಸ್ಕರು ‘ಅವನ ಸ್ವಭಾವವೇ ಅಂಥದ್ದು’ ಎಂದದ್ದು ಮೈಸೂರಿನವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಮೈಸೂರಿನವರು ಅಷ್ಟೇ ಹೆಚ್ಚಾಗಿ ಹೊಣೆ, ಸಂಬಂಧ, ಸಂದರ್ಭಗಳನ್ನು ಹೇಳಿದರು. ಮೋಟಾರ್ ಸೈಕಲ್ಲಿನ ಹಿಂದೆ ಕುಳಿತವನು ಬಿದ್ದು ಪೆಟ್ಟಾದಾಗ ಅವನನ್ನು ಆಸ್ಪತ್ರೆಗೆ ಸೇರಿಸಿ ಕೋರ್ಟಿಗೆ ಹೊರಟುಹೋದ ವಕೀಲನ ಪ್ರಸಂಗ ಅಲ್ಲಿ ಬಂದಿತ್ತು. ಅಮೆರಿಕದವರ ಕಣ್ಣಿಗೆ ಅವನು ಬೇಜವಾಬ್ದಾರಿ ಮನುಷ್ಯ. ಇಲ್ಲಿನವರಿಗೆ ಅವನು ಕಕ್ಷಿದಾರನಿಗೆ ಉತ್ತರ ಕೊಡಬೇಕಾದ, ಗಾಬರಿಯಲ್ಲಿದ್ದ ವಕೀಲ. ಘಟನೆಗಳೇ ಬೇರೆ ಇದ್ದದ್ದರಿಂದ ಹೀಗಾಯಿತೇ ಎಂಬ ಅನುಮಾನಕ್ಕೆ ಮಿಲ್ಲರ್ ಮೈಸೂರಿನವರು ಹೇಳಿದ ಘಟನೆಗಳನ್ನೇ ಅಮೆರಿಕದವರ ಮುಂದಿಟ್ಟರು. ವ್ಯತ್ಯಾಸ ಉಳಿದೇ ಇತ್ತು. ಮನುಷ್ಯ ಸ್ವಭಾವ ಎಂದುಕೊಂಡದ್ದು ಒಂದು ಸಮಾಜ ತನ್ನ ಮಕ್ಕಳಿಗೆ ವರ್ಷಗಟ್ಟಲೆ ಕಲಿಸುವ ಪಾಠವೂ ಆಗಿರಬಹುದು ಎಂದು ಅಲ್ಲಿ ತಿಳಿಯಿತು.

ಮಿಲ್ಲರ್ ಮೈಸೂರಿಗೆ ಬಾರದೇ ಇದ್ದಿದ್ದರೆ ಶಿಕಾಗೋದ ಉತ್ತರವೇ ಮನುಷ್ಯಕುಲದ ಉತ್ತರವಾಗಿ ಪಠ್ಯಪುಸ್ತಕದಲ್ಲಿ ಕೂತಿರುತ್ತಿತ್ತು. ಅಂಥವು ಇನ್ನೂ ಎಷ್ಟೋ ಕೂತಿವೆ. ಮನೋವಿಜ್ಞಾನದ ಆರು ಪ್ರಮುಖ ಅಮೆರಿಕನ್ ನಿಯತಕಾಲಿಕೆಗಳನ್ನು ಪರಿಶೀಲಿಸಿ ಜೆಫ್ರಿ ಆರ್ನೆಟ್ 2008ರಲ್ಲಿ ಕೊಟ್ಟ ಲೆಕ್ಕದಂತೆ ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 68 ಮಂದಿ ಅಮೆರಿಕದವರು. ಪಾಶ್ಚಾತ್ಯ ಕೈಗಾರಿಕಾ ದೇಶಗಳನ್ನೆಲ್ಲ ಸೇರಿಸಿದರೆ ಅದು ಶೇ. 96. ಅವರಲ್ಲಿ ಬಹಳಷ್ಟು ಮಂದಿ ಹತ್ತೊಂಬತ್ತು ಇಪ್ಪತ್ತರ ಕಾಲೇಜು ವಿದ್ಯಾರ್ಥಿಗಳು. ಮೆಕ್ಕೆಜೋಳ ಬಿತ್ತಿ ಮುಗಿಲು ನೋಡುವ ರೈತ, ಕೂಲಿಗೆ ಬೆಂಗಳೂರಿಗೆ ಹೋಗಿ ಯುಗಾದಿಗೆ ಊರಿಗೆ ಬರುವ ಹೆಂಗಸು ಆ ಲೆಕ್ಕದಲ್ಲಿ ಇಲ್ಲ. ಹಾಗೆಂದು ನಮ್ಮಲ್ಲಿ ಈ ಶಾಸ್ತ್ರ ಹೊಸದಲ್ಲ. ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿ ನೂರು ವರ್ಷವಾಯಿತು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ರೇಡಿಯೋ ಕೇಂದ್ರ ಶುರುಮಾಡಿದವರೆಂದು ಕನ್ನಡಿಗರಿಗೆ ಅವರು ಪರಿಚಿತರು. ವಿದೇಶದ ಬುದ್ಧಿಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಹೊಂದುವಂತೆ ತಿದ್ದಿದ ಅವರ ಕೆಲಸ ಅಷ್ಟು ಪರಿಚಿತವಲ್ಲ. ಹೊರಗಿನ ಅಳತೆಗೋಲನ್ನು ಹಾಗೆಯೇ ಹಿಡಿಯಬಾರದು ಎಂಬ ಎಚ್ಚರ ಇಲ್ಲಿ ಮೊದಲಿಂದಲೂ ಇತ್ತು. ಅದನ್ನು ಪರೀಕ್ಷೆಗೆ ಓದುವ ಹತ್ತು ಅಂಕದ ಪ್ರಶ್ನೆಯಾಗಿಸಿ ನಾವು ಮಂಕುಮಾಡಿಕೊಂಡಿದ್ದೇವೆ.

ಸಂಶೋಧನಾ ವಿಧಾನ ಎಂದಕೂಡಲೇ ವಿದ್ಯಾರ್ಥಿಗಳ ಮನಸ್ಸಿಗೆ ಬರುವುದು ಸಂಖ್ಯಾಶಾಸ್ತ್ರದ ಹೆದರಿಕೆ ಮತ್ತು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್. ಗೂಗಲ್ ಫಾರ್ಮಿನಲ್ಲಿ ಇಪ್ಪತ್ತು ಪ್ರಶ್ನೆ ಹಾಕಿ, ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸಿ, ನೂರು ಉತ್ತರ ಬಂದರೆ ಕೆಲಸ ಮುಗಿಯಿತು ಎಂಬ ಭಾವನೆ ಸಾಮಾನ್ಯ. ಕಷ್ಟ ಇರುವುದು ಅದಕ್ಕೂ ಮೊದಲು. ಜನ ಹೇಳುವುದಕ್ಕೂ ಮಾಡುವುದಕ್ಕೂ ಇರುವ ಅಂತರ ಎಷ್ಟು? 1930ರ ದಶಕದ ಆರಂಭದಲ್ಲಿ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯೇರ್ ಒಂದು ಚೀನೀ ದಂಪತಿಯ ಜೊತೆ ಅಮೆರಿಕದಲ್ಲಿ ಸಂಚರಿಸಿ 251 ಹೋಟೆಲು, ವಸತಿಗೃಹಗಳಿಗೆ ಹೋದರು. ಇಲ್ಲ ಎಂದದ್ದು ಒಂದೇ ಒಂದು ಕಡೆ. ಆಮೇಲೆ ಅದೇ ಹೋಟೆಲುಗಳಿಗೆ ಕಾಗದ ಬರೆದು ಚೀನೀಯರಿಗೆ ಜಾಗ ಕೊಡುತ್ತೀರಾ ಎಂದು ಕೇಳಿದಾಗ ಉತ್ತರಿಸಿದವರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಕೊಡುವುದಿಲ್ಲ ಎಂದರು. ನಮ್ಮಲ್ಲಿ ಅಂತರ ಇದೆ, ಆದರೆ ತಿರುಗುಮುರುಗಾಗಿದೆ. ಕಾಗದದ ಮೇಲೆ ಯಾರೂ ಜಾತಿ ನೋಡುವುದಿಲ್ಲ. ಹೊಸ್ತಿಲ ಬಳಿ ಬೇರೆ ಲೋಟ ಹೊರಬರುತ್ತದೆ. 2011-12ರಲ್ಲಿ ದೇಶದ 42,000ಕ್ಕೂ ಹೆಚ್ಚು ಮನೆಗಳಲ್ಲಿ ನಡೆದ ಮಾನವ ಅಭಿವೃದ್ಧಿ ಸಮೀಕ್ಷೆಯನ್ನು ರೂಪಿಸಿದವರು ಇದನ್ನು ಬಲ್ಲವರಾಗಿದ್ದರು. ನಿಮ್ಮ ಮನೆಯಲ್ಲಿ ಅಸ್ಪೃಶ್ಯತೆ ಆಚರಿಸುತ್ತೀರಾ ಎಂದು ಕೇಳಿ ಅಷ್ಟಕ್ಕೇ ನಿಲ್ಲಲಿಲ್ಲ. ಇಲ್ಲ ಎಂದವರನ್ನು, ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ ಅಥವಾ ನಿಮ್ಮ ಪಾತ್ರೆ ಬಳಸಿದರೆ ತೊಂದರೆಯೇ ಎಂದು ಮತ್ತೆ ಕೇಳಿದರು. ಎರಡೂ ಉತ್ತರ ಸೇರಿಸಿದಾಗ ಶೇ. 27 ಮನೆಗಳು ಒಪ್ಪಿಕೊಂಡಂತಾಯಿತು. ತತ್ವವನ್ನು ಕೇಳಿದರೆ ತತ್ವ, ಪಾತ್ರೆಯನ್ನು ಕೇಳಿದರೆ ಬದುಕು. ಆ ಎರಡನೆಯ ಪ್ರಶ್ನೆಯನ್ನು ಹೊಳೆಯಿಸಿಕೊಳ್ಳುವುದೇ ಈ ವಿದ್ಯೆಯ ತಿರುಳು. ಅಷ್ಟಾದ ಮೇಲೂ ಇದು ಒಪ್ಪಿಕೊಂಡವರ ಲೆಕ್ಕ ಮಾತ್ರ ಎಂಬುದನ್ನು ಮರೆಯಬಾರದು.

ಕೇಳುವವರು ಯಾರು ಎಂಬುದರ ಮೇಲೂ ಉತ್ತರ ನಿಂತಿರುತ್ತದೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ 60 ಪ್ರಶ್ನೆಗಳಿದ್ದವು. ಮನೆ ಬಾಗಿಲಿಗೆ ಹೋದವರು ಹೆಚ್ಚಾಗಿ ಶಾಲಾ ಮೇಷ್ಟ್ರುಗಳು. ಮಗನಿಗೆ ಪಾಠ ಹೇಳುವ ಮೇಷ್ಟ್ರು ಮೊಬೈಲ್ ಹಿಡಿದು ಆದಾಯ ಎಷ್ಟು ಎಂದು ಕೇಳಿದಾಗ, ಪಕ್ಕದಲ್ಲಿ ಅತ್ತೆ, ಹಿಂದೆ ನೆರೆಯವರು ನಿಂತಿರುವಾಗ, ಸೊಸೆಯ ಬಾಯಿಂದ ಬರುವ ಉತ್ತರ ಅವಳೊಬ್ಬಳದೇ ಆಗಿರುವುದಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ನೆಲೆಸಿ ಅಧ್ಯಯನ ಮಾಡಿದಾಗ ಅವರಿಗೂ ಇದು ಎದುರಾಯಿತು. ‘ರಾಂಪುರ’ ಎಂಬ ಹೆಸರಿನಲ್ಲಿ ಆ ಹಳ್ಳಿಯನ್ನು ಜಗತ್ತಿಗೆ ಪರಿಚಯಿಸಿದ ಅವರು, ತಾನು ಬ್ರಾಹ್ಮಣನೆಂಬ ಕಾರಣಕ್ಕೆ, ಊರಿನ ಯಜಮಾನರ ಆಶ್ರಯದಲ್ಲಿದ್ದ ಕಾರಣಕ್ಕೆ ದಲಿತ ಕೇರಿಯ ಬದುಕು ತನಗೆ ಪೂರ್ತಿ ತೆರೆದುಕೊಳ್ಳಲಿಲ್ಲ ಎಂಬುದನ್ನು ಮುಚ್ಚಿಡಲಿಲ್ಲ. ಊರಿನವನೇ ಆದ ವಿದ್ಯಾರ್ಥಿಗೂ ಈ ತೊಡಕು ತಪ್ಪಿದ್ದಲ್ಲ. ಜಗಳೂರಿನ ಹುಡುಗನಿಗೆ ಜಗಳೂರಿನ ಭಾಷೆ ಗೊತ್ತು, ಯಾವ ಹೊತ್ತಿಗೆ ಯಾರು ಮನೆಯಲ್ಲಿರುತ್ತಾರೆ ಗೊತ್ತು. ಆದರೆ ಅವನು ಯಾರ ಮಗ, ಯಾವ ಓಣಿಯವನು ಎಂಬುದು ಎದುರಿನವರಿಗೂ ಗೊತ್ತು. ಒಳಗಿನವನ ಅನುಕೂಲ ಮತ್ತು ತೊಡಕು ಎರಡನ್ನೂ ತೂಗಿ, ವರದಿಯಲ್ಲಿ ಬರೆದಿಡಲು ಕಲಿಯುವುದು ತರಬೇತಿಯ ಭಾಗ.

ಇನ್ನು ಭಾಷೆ. ಈ ವಿಷಯದಲ್ಲಿ ನಮ್ಮ ವಿಶ್ವವಿದ್ಯಾಲಯಗಳು ತೋರುವ ಅವಸರ ನನಗೆ ನಿಜಕ್ಕೂ ನೋವಿನ ಸಂಗತಿ. 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ಅಮೆರಿಕದ ಹದಿಹರೆಯದವರಿಗಾಗಿ ಮಾಡಿದ ‘ಸೆಲ್ಫ್ ಎಸ್ಟೀಮ್’ ಅಳತೆಯ ಹತ್ತು ವಾಕ್ಯಗಳು ಇಂದಿಗೂ ಪ್ರಪಂಚದಾದ್ಯಂತ ಬಳಕೆಯಲ್ಲಿವೆ. ಆ ಪದಕ್ಕೆ ಕನ್ನಡದಲ್ಲಿ ಏನನ್ನುವುದು? ಆತ್ಮಗೌರವ ಎಂದರೆ ಪುಸ್ತಕದ ಮಾತಾಯಿತು. ಸ್ವಾಭಿಮಾನ ಎಂದರೆ ಚಳವಳಿಯ, ಚುನಾವಣೆಯ ಬಣ್ಣ ಬರುತ್ತದೆ. ಜನರ ಬಾಯಲ್ಲಿರುವುದು ‘ಮರ್ಯಾದೆ’, ಆದರೆ ಮರ್ಯಾದೆ ನಮ್ಮೊಳಗೆ ಇರುವಂಥದ್ದಲ್ಲ, ನಾಲ್ಕು ಜನ ಕೊಡುವಂಥದ್ದು, ಅವರೇ ತೆಗೆಯುವಂಥದ್ದು. ಯಾವ ಪದ ಆರಿಸಿದಿರಿ ಎಂಬುದರ ಮೇಲೆ ನೀವು ಅಳೆದ ವಸ್ತುವೇ ಬದಲಾಗುತ್ತದೆ. ‘ಸಂಪೂರ್ಣವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ಹೇಳಲಾರೆ, ಒಪ್ಪುವುದಿಲ್ಲ, ಸಂಪೂರ್ಣವಾಗಿ ಒಪ್ಪುವುದಿಲ್ಲ’ ಎಂಬ ಐದು ಮೆಟ್ಟಿಲ ಸಾಲಿನದೂ ಇದೇ ಕಥೆ. ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ ಈ ಸಾಲನ್ನು ಓದಿ ಹೇಳಿದರೆ ಹಳ್ಳಿಯ ಹಿರಿಯರು ‘ಹೂಂ, ಹಂಗೇ ಬರ್ಕೊಳ್ರಿ’ ಎನ್ನುತ್ತಾರೆ. ಬಂದವರ ಮನಸ್ಸು ನೋಯಿಸಬಾರದು ಎಂಬ ಸೌಜನ್ಯ ಅದು. ಅದನ್ನು ಅಭಿಪ್ರಾಯವೆಂದು ಗಣಕಕ್ಕೆ ಹಾಕಿದರೆ ಎರಡು ದಶಮಾಂಶದವರೆಗೆ ನಿಖರವಾದ ತಪ್ಪು ಉತ್ತರ ಬರುತ್ತದೆ. ಕನ್ನಡಕ್ಕೆ ತಂದ ಪ್ರಶ್ನೆಯನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಮಾಡಿಸಿ ಹೋಲಿಸುವುದು, ಹತ್ತಿಪ್ಪತ್ತು ಜನರ ಮುಂದೆ ಓದಿ ‘ಇದು ಕೇಳಿದಾಗ ನಿಮಗೆ ಏನನ್ನಿಸಿತು’ ಎಂದು ವಿಚಾರಿಸುವುದು, ಒಂದೇ ಸಂಗತಿಯನ್ನು ನೇರವಾಗಿಯೂ ತಿರುಗಿಸಿಯೂ ಕೇಳುವುದು, ಇವೆಲ್ಲ ಬೇಸರದ ಕೆಲಸಗಳು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಈ ಕೆಲಸದಲ್ಲಿ ಯಾರಿಗೂ ಕಡಿಮೆಯಿಲ್ಲ. ಎಷ್ಟೋ ಸಲ ಅವರೇ ಮುಂದು.

ಈ ಎಚ್ಚರದಿಂದ ಆಗುವ ಪ್ರಯೋಜನಕ್ಕೆ ಗಂಭೀರವಾದ ಒಂದು ಸಂಗತಿಯನ್ನೇ ತೆಗೆದುಕೊಳ್ಳೋಣ. ತುಮಕೂರು, ಚಿತ್ರದುರ್ಗದಿಂದ ಜಗಳೂರಿನ ಸೀಮೆಯವರೆಗೆ ಇರುವ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಸೂತಕದ ಹೆಸರಿನಲ್ಲಿ ಹೊರಗಿಡುವ ರೂಢಿ ಹಲವು ಕಡೆ ಉಳಿದಿದೆ. 2023ರಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗಿನ ಗುಡಿಸಲಿನಲ್ಲಿ ಹಸುಗೂಸು ತೀರಿಕೊಂಡಾಗ ನಾಡೆಲ್ಲ ಮರುಗಿತು. ಇಂಥ ಸುದ್ದಿ ಬಂದಾಗಲೆಲ್ಲ ಅಧಿಕಾರಿಗಳು ಹೋಗಿ ತಿಳಿವಳಿಕೆ ಹೇಳುತ್ತಾರೆ. ಅದರ ಹಿಂದಿನ ಊಹೆ, ಇವರಿಗೆ ತಿಳಿಯದು ಎಂಬುದು. ಸಾಮಾಜಿಕ ಮನೋವಿಜ್ಞಾನ ಇನ್ನೊಂದು ಸಾಧ್ಯತೆಯನ್ನು ಮುಂದಿಡುತ್ತದೆ. ಬಹಳ ಮಂದಿಗೆ ಒಳಗೊಳಗೇ ಈ ರೂಢಿ ಬೇಡವಾಗಿರಬಹುದು, ಆದರೆ ಉಳಿದವರಿಗೆಲ್ಲ ಬೇಕಿದೆ ಎಂದು ಪ್ರತಿಯೊಬ್ಬರೂ ತಿಳಿದು ಸುಮ್ಮನಿರಬಹುದು. ಸೌದಿ ಅರೇಬಿಯಾದ ರಿಯಾದಿನಲ್ಲಿ ಇಂಥದ್ದನ್ನೇ ಪರೀಕ್ಷಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಹೆಂಗಸರು ಹೊರಗೆ ದುಡಿಯಬಹುದು ಎಂದು ಬಹುಪಾಲು ಗಂಡಂದಿರು ಗುಟ್ಟಾಗಿ ಒಪ್ಪಿದರು, ಆದರೆ ನೆರೆಹೊರೆಯ ಗಂಡಸರು ಒಪ್ಪುವುದಿಲ್ಲ ಎಂದುಕೊಂಡಿದ್ದರು. ನೆರೆಯವರ ನಿಜವಾದ ಅಭಿಪ್ರಾಯ ತಿಳಿಸಿದ ಮೇಲೆ, ಕೆಲವು ತಿಂಗಳಲ್ಲಿ ಅವರ ಹೆಂಡಂದಿರು ಕೆಲಸಕ್ಕೆ ಅರ್ಜಿ ಹಾಕಿದ್ದು ಹೆಚ್ಚಾಯಿತು. ಹಟ್ಟಿಗಳಲ್ಲೂ ಹೀಗೇ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಂಬಿಕೆ ನಿಜಕ್ಕೂ ಆಳವಾಗಿರಬಹುದು, ದೇವರ ಭಯ ಇರಬಹುದು. ಆದರೆ ಕಾರಣ ಯಾವುದೆಂದು ತಿಳಿಯದೆ ಮದ್ದು ಕೊಡುವುದು ಹೇಗೆ? ಕಾರಣ ನಂಬಿಕೆಯಾದರೆ ಮಾಡಬೇಕಾದ ಕೆಲಸ ಒಂದು, ನೆರೆಯವರ ಬಗೆಗಿನ ತಪ್ಪು ಅಂದಾಜಾದರೆ ಇನ್ನೊಂದು.

ಅದನ್ನು ಕೇಳುವುದು ಹೇಗೆ ಎಂಬುದಕ್ಕೂ ಉಪಾಯಗಳಿವೆ. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ತೋರಿಸಿದ ದಾರಿಯ ಒಂದು ಸರಳ ರೂಪ ಹೀಗಿದೆ. ಉತ್ತರಿಸುವವರು ಯಾರಿಗೂ ಕಾಣದಂತೆ ನಾಣ್ಯ ಚಿಮ್ಮುತ್ತಾರೆ. ಹೆಡ್ ಬಿದ್ದರೆ ಪ್ರಶ್ನೆ ಏನೇ ಇರಲಿ ‘ಹೌದು’ ಎನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. ನೂರು ಮಂದಿಯಲ್ಲಿ 70 ಜನ ‘ಹೌದು, ಈ ರೂಢಿ ನನಗೆ ಬೇಡ’ ಎಂದರೆಂದು ಇಟ್ಟುಕೊಳ್ಳಿ. ಸುಮಾರು 50 ನಾಣ್ಯ ಹೇಳಿಸಿದ ಹೌದು. ಉಳಿದ 50 ಮಂದಿಯಲ್ಲಿ 20, ಅಂದರೆ ಶೇ. 40ರಷ್ಟು, ಮನಸ್ಸಿನ ಮಾತು. ಯಾವ ಹೌದು ಯಾರದು ಎಂಬುದು ಕೇಳುವವರಿಗೂ ತಿಳಿಯದು, ಬಾಗಿಲಲ್ಲಿ ನಿಂತ ಅತ್ತೆಗೂ ತಿಳಿಯದು. ಅವರ ಗುಟ್ಟು ಅವರಲ್ಲೇ ಉಳಿಯುತ್ತದೆ, ಊರಿನ ಮನಸ್ಸು ಮಾತ್ರ ಗೊತ್ತಾಗುತ್ತದೆ. ಗಣಿತ ಮನುಷ್ಯರ ಮಾನ ಕಾಯುವ ಇಂಥ ಜಾಗ ನನಗೆ ಈ ಶಾಸ್ತ್ರದಲ್ಲಿ ಅತ್ಯಂತ ಪ್ರಿಯವಾದದ್ದು. ಒಪ್ಪಿಗೆ ಇಲ್ಲದೆ ಕೇಳಕೂಡದು, ನಡುವೆ ಬೇಡವೆನಿಸಿದರೆ ಎದ್ದುಹೋಗಬಹುದು, ಹೆಸರು ಹೊರಗೆ ಹೋಗಕೂಡದು ಎಂಬ ನಿಯಮಗಳೂ ಇದೇ ಕಾಳಜಿಯಿಂದ ಬಂದವು. ಪೆಟ್ಟು ತಿಂದ ಮೇಲೆ ಬಂದವು ಎನ್ನುವುದೂ ನಿಜ. 1961ರಲ್ಲಿ ಶುರುವಾದ ಮಿಲ್‌ಗ್ರಾಮ್ ಪ್ರಯೋಗಗಳಲ್ಲಿ ಬೇರೆಯವರಿಗೆ ವಿದ್ಯುತ್ ಆಘಾತ ಕೊಡುತ್ತಿದ್ದೇವೆಂದು ನಂಬಿ ನಡುಗಿದ ಜನರನ್ನು ನೋಡಿದ ಮೇಲೆ, ತಿಳಿವಳಿಕೆಗಾಗಿ ಎಷ್ಟು ನೋಯಿಸಬಹುದು ಎಂಬ ಪ್ರಶ್ನೆಯಿಂದ ಯಾರಿಗೂ ತಪ್ಪಿಸಿಕೊಳ್ಳಲಾಗಲಿಲ್ಲ.

ಇಷ್ಟೆಲ್ಲ ಯಾಕೆ, ಜನರ ಮನಸ್ಸು ಅಜ್ಜಿಯಂದಿರಿಗೆ ತಿಳಿಯದ್ದೇ ಎಂಬ ಮಾತು ಬರುತ್ತದೆ. ಅಜ್ಜಿಯರಿಗೆ ಬಹಳ ತಿಳಿದಿತ್ತು. ಆದರೆ 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದ ಮೇಲೆ ಏನಾಯಿತು ನೋಡಿ. ಪಟ್ನಾದ ಜಮುನಾ ಪ್ರಸಾದ್, ನೆಲ ನಡುಗಿದ್ದರೂ ಹಾನಿಯಾಗದ ಕಡೆಗಳಲ್ಲಿ ಹಬ್ಬಿದ ಸುದ್ದಿಗಳನ್ನು ಸಂಗ್ರಹಿಸಿದರು. ಸಮಾಧಾನದ ಸುದ್ದಿ ಹಬ್ಬಬೇಕಿತ್ತು ಎಂದು ಯಾರಾದರೂ ಊಹಿಸುತ್ತಾರೆ. ಹಬ್ಬಿದ್ದು ಇನ್ನೂ ದೊಡ್ಡ ಆಪತ್ತು ಬರಲಿದೆ ಎಂಬ ಸುದ್ದಿ. ಮುಂದೆ ಡಾರ್ಜಿಲಿಂಗ್‌ನ ಭೂಕುಸಿತದಲ್ಲಿ ನಿಜವಾಗಿ ಹಾನಿಯಾದ ಜಾಗವನ್ನು ದುರ್ಗಾನಂದ ಸಿನ್ಹಾ ನೋಡಿದಾಗ ಅಲ್ಲಿ ಅಂಥ ಭಯದ ಸುದ್ದಿಗಳು ಹಾಗೆ ಹಬ್ಬಿರಲಿಲ್ಲ. ಕಣ್ಣೆದುರು ಕಾರಣವಿಲ್ಲದ ಭಯಕ್ಕೆ ಜನ ಕಾರಣ ಹುಡುಕಿಕೊಳ್ಳುತ್ತಾರೆ ಎಂದು ಅಮೆರಿಕದ ಲಿಯಾನ್ ಫೆಸ್ಟಿಂಗರ್ ಇದನ್ನು ಅರ್ಥಮಾಡಿಕೊಂಡರು. 1957ರಲ್ಲಿ ಅವರು ಪ್ರಕಟಿಸಿದ ಹೆಸರಾಂತ ಸಿದ್ಧಾಂತಕ್ಕೆ ಮೊದಲ ಕಿಡಿ ಬಿಹಾರದ ಈ ಸುದ್ದಿಗಳೇ. 2018ರಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಂದು ಜೀವ ಹೋದಾಗ ನಾವು ‘ಆ ಜನವೇ ಅಂಥವರು’ ಎಂದು ಹುಟ್ಟುಗುಣದ ಗಾದೆಗೆ ಶರಣಾದೆವು. ಕಾಣದ ಭಯ ಎಲ್ಲಿ, ಯಾಕೆ ಹಬ್ಬುತ್ತದೆ ಎಂದು ಕೇಳಿದ್ದರೆ ಮುಂದಿನ ಊರಿಗಾದರೂ ಉಪಯೋಗವಾಗುತ್ತಿತ್ತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಶಾಸ್ತ್ರದ ಒಳಗಿಂದಲೇ ಬಂದಿದೆ. 2015ರಲ್ಲಿ ನೂರು ಪ್ರಕಟಿತ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಸ್ಪಷ್ಟ ಫಲಿತಾಂಶ ಮರುಕಳಿಸಿದ್ದು ಶೇ. 36ರಲ್ಲಿ ಮಾತ್ರ. ಸಾಮಾಜಿಕ ಮನೋವಿಜ್ಞಾನದ ಪಾಲು ಇನ್ನೂ ಕಡಿಮೆ. ಎಲ್ಲ ಪಠ್ಯಗಳಲ್ಲಿರುವ 1971ರ ಸ್ಟ್ಯಾನ್‌ಫರ್ಡ್ ಸೆರೆಮನೆ ಪ್ರಯೋಗದಲ್ಲಿ, ತಾವಾಗಿಯೇ ಕ್ರೂರರಾದರು ಎನ್ನಲಾದ ಕಾವಲುಗಾರರಿಗೆ ಕಠಿಣವಾಗಿರಲು ಹೇಳಿಕೊಡಲಾಗಿತ್ತು ಎಂಬುದಕ್ಕೆ ಹಳೆಯ ಧ್ವನಿಮುದ್ರಣಗಳೇ ಸಾಕ್ಷಿಯಾದವು. ಹಾಗಾದರೆ ಇದನ್ನೇಕೆ ಕಲಿಯಬೇಕು? ನನ್ನ ಪ್ರಕಾರ ಇದು ನನ್ನ ವಾದವನ್ನೇ ಬಲಪಡಿಸುತ್ತದೆ. ತೀರ್ಮಾನಗಳನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯ ಕೈಯಲ್ಲಿ ಈಗ ಏನೂ ಉಳಿಯಲಿಲ್ಲ. ವಿಧಾನ ಕಲಿತವನ ಕೈಯಲ್ಲಿ ತೀರ್ಮಾನವನ್ನು ಪರೀಕ್ಷಿಸುವ ಉಪಕರಣ ಉಳಿಯಿತು. ತಪ್ಪನ್ನು ಹಿಡಿದದ್ದೂ ಅದೇ ಉಪಕರಣ. ಉದ್ಯೋಗದ ಪ್ರಶ್ನೆಗೆ ನನ್ನ ಬಳಿ ಅಂಥ ಸಿಹಿ ಉತ್ತರವಿಲ್ಲ. ಈ ಪದವಿ ಹಿಡಿದವರಿಗೆ ಕೆಲಸ ಬಾಗಿಲಿಗೆ ಬರುವುದಿಲ್ಲ. ಆದರೆ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿಯವರು, ಸ್ವಯಂಸೇವಾ ಸಂಸ್ಥೆಯವರು ವರ್ಷವಿಡೀ ಮಾಡುವುದು ಜನರನ್ನು ಕೇಳುವ, ಬರೆದುಕೊಳ್ಳುವ ಕೆಲಸವನ್ನೇ, ಮತ್ತು ಅದನ್ನು ಅವರಿಗೆ ಯಾರೂ ಕಲಿಸಿಲ್ಲ.

ಜಗಳೂರಿಗೆ ಇದು ಇವತ್ತೇ ಯಾಕೆ ಬೇಕು ಎಂಬುದಕ್ಕೆ ನೀರಿನ ಕಾರಣವಿದೆ. ಬರಕ್ಕೆ ಹೆಸರಾದ ಈ ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆ ಜನರ ಬದುಕನ್ನು ಬದಲಿಸಲು ಹೊರಟಿದೆ. ಎಲ್ಲ ಕೆರೆಗೂ ನೀರು ಒಂದೇ ದಿನ ಬರುವುದಿಲ್ಲ, ಎಲ್ಲ ಊರಿಗೂ ಕೆರೆಯಿಲ್ಲ. ಸಂಶೋಧಕರು ಹುಡುಕಿಕೊಂಡು ಹೋಗುವ ಹೋಲಿಕೆ ಇಲ್ಲಿ ತಾನಾಗಿ ಒದಗಿದೆ. ಮಂಡ್ಯ ಸೀಮೆಯಲ್ಲಿ ಹಿಂದೊಮ್ಮೆ ಹೀಗೇ ಆಗಿತ್ತು. ತಾವು ವಂಗಲ, ದಲೇನ ಎಂದು ಕರೆದ ಎರಡು ಹಳ್ಳಿಗಳಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 56ರವರೆಗೆ ಅಧ್ಯಯನ ಮಾಡಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದರ ಹೊಲಗಳು ನಾಲೆಗಿಂತ ಎತ್ತರದಲ್ಲಿದ್ದು ಒಣಗಿಯೇ ಉಳಿದಿದ್ದವು. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂಬುದು ಸಹಜ ನಿರೀಕ್ಷೆ. ಆದರೆ ಕಬ್ಬಿನ ದುಡ್ಡು ಬಂದ ಊರಿನಲ್ಲಿ ಒಕ್ಕಲಿಗ ಮತ್ತು ಆದಿಕರ್ನಾಟಕರ ನಡುವಿನ ಹಳೆಯ ಸಂಬಂಧ ಹಾಗೆಯೇ ಮುಂದುವರಿಯಿತು. ನೀರು ಬಾರದ ಊರಿನವರು ಕೆಲಸ, ವ್ಯಾಪಾರ ಅರಸಿ ಮಂಡ್ಯಕ್ಕೆ ಹೋದರು, ಹಳೆಯ ಕಟ್ಟು ಅಲ್ಲಿ ಸಡಿಲವಾಯಿತು. ಎಪ್‌ಸ್ಟೈನ್ ಮನೋವಿಜ್ಞಾನಿಯಲ್ಲ, ಅರ್ಥಶಾಸ್ತ್ರ ಬಲ್ಲ ಮಾನವಶಾಸ್ತ್ರಜ್ಞೆ. ಆದರೂ ಅವರ ಹೋಲಿಕೆ ಮನೋವಿಜ್ಞಾನದ ವಿದ್ಯಾರ್ಥಿಗೆ ಮೊದಲ ಪಾಠವಾಗಬಲ್ಲದು.

ಎರಡನೆಯ ಪಾಠ ಬದುಕಿನ ಒತ್ತಡದ್ದು. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿನ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ ಒಮ್ಮೆ, ಕಟಾವಿನ ಮೇಲೆ ಮತ್ತೊಮ್ಮೆ ಒಂದೇ ಬಗೆಯ ಬುದ್ಧಿಪರೀಕ್ಷೆಗೆ ಒಡ್ಡಿದ ಅಧ್ಯಯನ 2013ರಲ್ಲಿ ಬಂತು. ಅದೇ ಮನುಷ್ಯ, ಅದೇ ತಲೆ, ಆದರೆ ಕಟಾವಿನ ಮೇಲೆ ಅಂಕಗಳು ಮೇಲೇರಿದವು. ಜಗಳೂರಿನ ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ರೈತರಲ್ಲಿ ಹೀಗಾಗುತ್ತದೆಯೇ? ಕೆರೆ ತುಂಬಿದ ಊರಿನಲ್ಲಿ, ಬೆಳೆ ಕೈಗೆ ಬರುವ ಮೊದಲೂ ಆ ಭಾರ ಇಳಿದಿರುತ್ತದೆಯೇ? ತುಂಬಿದ ಕೆರೆಯ ಊರಿಗೂ ಕಾಯುತ್ತಿರುವ ಕೆರೆಯ ಊರಿಗೂ ನಡುವೆ ಮಾತು ಹೇಗಿರುತ್ತದೆ? 1954ರಲ್ಲಿ ಓಕ್ಲಹಾಮಾದ ಶಿಬಿರವೊಂದರಲ್ಲಿ ಮುಜಫರ್ ಶೆರಿಫ್ 22 ಹುಡುಗರನ್ನು ಎರಡು ಪಂಗಡ ಮಾಡಿ ಪೈಪೋಟಿಗೆ ಬಿಟ್ಟಾಗ ಹಗೆ ಬೆಳೆಯಿತು. ಒಟ್ಟಿಗೆ ಊಟಕ್ಕೆ ಕೂರಿಸಿದರೂ ಹಗೆ ಇಳಿಯಲಿಲ್ಲ. ಶಿಬಿರದ ನೀರು ನಿಂತುಹೋಗಿ ಎಲ್ಲರೂ ಕೂಡಿ ದೋಷ ಹುಡುಕಬೇಕಾದಂಥ ಕೆಲಸಗಳು ಬಂದಾಗ ಅದು ಕರಗತೊಡಗಿತು. ಆ ಹುಡುಗರ ಹಗೆ ಕೆಲವು ದಿನಗಳದು, ಪ್ರಯೋಗಕ್ಕಾಗಿ ಹುಟ್ಟಿಸಿದ್ದು. ಇಲ್ಲಿನ ಊರುಗಳ ನಡುವಿನ ಲೆಕ್ಕಗಳು ತಲೆಮಾರುಗಳವು. ಶೆರಿಫ್ ಕಂಡದ್ದು ಇಲ್ಲಿ ನಿಲ್ಲುತ್ತದೋ ಇಲ್ಲವೋ ತಿಳಿಯಬೇಕಾದರೆ ನೀರು ಬಾರದ ಊರಿನಲ್ಲಿ ಈಗಲೇ ಒಮ್ಮೆ ಕೇಳಿ ಬರೆದಿಡಬೇಕು, ಬಂದ ಮೇಲೆ ಅದೇ ಮನೆಗಳಿಗೆ ಅದೇ ಪ್ರಶ್ನೆ ಹಿಡಿದು ಮತ್ತೆ ಹೋಗಬೇಕು. ಕೆರೆಗೆ ನೀರು ಬಿಟ್ಟ ಮೇಲೆ ಮೊದಲನೆಯ ಸಲದ ಉತ್ತರವನ್ನು ಪಡೆಯಲು ಬೇರೆ ದಾರಿಯಿಲ್ಲ.